ಮ್ಯೂಆನ್ ನೇರವಾಗಿ ಎಲೆಕ್ಟ್ರಾನ್ ಆಗಬಲ್ಲುದೇ?

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ನಡುವೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಹೇಳಲಿರುವ ಘಟನೆಯನ್ನು ಈವರೆಗೆ ಯಾರೂ ಕಂಡಿಲ್ಲ. ಎಪ್ಪತ್ತು ವರ್ಷಗಳಿಂದ ಹುಡುಕುತ್ತಿದ್ದಾರೆ, ಸಿಕ್ಕಿಲ್ಲ. ಹಾಗಿದ್ದೂ ಅಮೆರಿಕದಲ್ಲಿ ಒಂದು, ಜಪಾನಿನಲ್ಲಿ ಒಂದು ದೊಡ್ಡ ಪ್ರಯೋಗ ಅದಕ್ಕಾಗಿಯೇ ಸಿದ್ಧವಾಗುತ್ತಿದೆ. ಘಟನೆಯನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು: ಪರಮಾಣುವಿನ ನ್ಯೂಕ್ಲಿಯಸ್ಸಿನ ಬಳಿ ನೆಲೆಸಿದ ಮ್ಯೂಆನ್ ಎಂಬ ಕಣ, ನ್ಯೂಟ್ರಿನೊ ಗೀಟ್ರಿನೊ ಯಾವುದನ್ನೂ ಹೊರಚೆಲ್ಲದೆ, ಎಲೆಕ್ಟ್ರಾನ್ ಆಗಿ ಹೊರಬರುವುದು. (ನ್ಯೂಟ್ರಿನೊ ಎಂದರೆ ವಿದ್ಯುದಂಶವಿಲ್ಲದ, ಯಾವುದಕ್ಕೂ ಅಷ್ಟಾಗಿ ತಾಗದೆ ಹಾದುಹೋಗುವ ಅತಿ ಹಗುರ ಕಣ.) ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಸಾಹಸ ಏಕೆ, ಮತ್ತು ಸಿಗದಿರುವುದನ್ನು ಹುಡುಕುವವರು ನಿಜಕ್ಕೂ ಏನು ಮಾಡುತ್ತಾರೆ ಎಂಬುದೇ ನನ್ನ ಮಾತಿನ ವಿಷಯ. ಎರಡನೆಯದೇ ನನಗೆ ಹೆಚ್ಚು ಇಷ್ಟವಾದ ಭಾಗ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮ್ಯೂಆನ್ ಪತ್ತೆಯಾದದ್ದು 1936–37ರಲ್ಲಿ, ವಿಶ್ವಕಿರಣಗಳ ನಡುವೆ. ಕಂಡವರು ಕಾರ್ಲ್ ಆಂಡರ್ಸನ್ ಮತ್ತು ಸೇತ್ ನೆಡರ್‌ಮೇಯರ್. ವಿದ್ಯುದಂಶ ಎಲೆಕ್ಟ್ರಾನಿನದೇ, ಸ್ಪಿನ್ ಅದರದೇ. ತೂಕ ಮಾತ್ರ 207 ಪಟ್ಟು. ಆಯುಸ್ಸು 2.2 ಮೈಕ್ರೊಸೆಕೆಂಡ್. ‘ಇದನ್ನು ಆರ್ಡರ್ ಮಾಡಿದವರು ಯಾರು?’ ಎಂದು ಇಸಿಡರ್ ರಾಬಿ ಕೇಳಿದ್ದು ಭೌತವಿಜ್ಞಾನದಲ್ಲಿ ಗಾದೆಯಂತೆ ಉಳಿದುಬಿಟ್ಟಿದೆ. ಆ ಪ್ರಶ್ನೆಗೆ ಇವತ್ತಿಗೂ ಉತ್ತರವಿಲ್ಲ ಎಂಬುದನ್ನು ಮಾತ್ರ ಅದನ್ನು ಉದ್ಧರಿಸುವವರು ಮರೆಯುತ್ತಾರೆ.

ಮ್ಯೂಆನ್ ಮತ್ತು ನ್ಯೂಕ್ಲಿಯಸ್‌ಗಳ ಒಡನಾಟ ಮೊದಲು ಬೆಳಕಿಗೆ ಬಂದದ್ದು ರೋಮ್ ನಗರದಲ್ಲಿ, ಯುದ್ಧದ ನಡುವೆ. ಕಾನ್‌ವೆರ್ಸಿ, ಪಾನ್ಚೀನಿ, ಪಿಚ್ಚೋನಿ ಎಂಬ ಮೂವರು ಬಾಂಬಿನ ಭಯದಿಂದ ಉಪಕರಣಗಳನ್ನು ವ್ಯಾಟಿಕನ್ ಸಮೀಪದ ಶಾಲೆಯೊಂದರ ನೆಲಮಾಳಿಗೆಗೆ ಸಾಗಿಸಿಕೊಂಡು ಕೆಲಸ ಮುಂದುವರಿಸಿದರು. ಋಣ ಮ್ಯೂಆನ್‌ಗಳನ್ನು ಕಬ್ಬಿಣದಲ್ಲಿ ನಿಲ್ಲಿಸಿದರೆ ಕೊಳೆಯುವ ಮೊದಲೇ ನ್ಯೂಕ್ಲಿಯಸ್ ಅವನ್ನು ನುಂಗಿಬಿಡುತ್ತಿತ್ತು. ಇಂಗಾಲದಲ್ಲಿ ನಿಲ್ಲಿಸಿದರೆ ಬಹುಪಾಲು ತಮ್ಮಷ್ಟಕ್ಕೆ ಕೊಳೆಯುತ್ತಿದ್ದವು. ಪ್ರಬಲ ಬಲವನ್ನು ಅನುಭವಿಸುವ ಕಣವಾಗಿದ್ದರೆ ಇಂಗಾಲವೂ ಅದನ್ನು ಬಿಡುತ್ತಿರಲಿಲ್ಲ. ಹಾಗಾಗಿ 1947ರ ಹೊತ್ತಿಗೆ, ಇದು ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಯುಕಾವಾ ಕಣ ಅಲ್ಲ ಎಂಬುದು ಸ್ಪಷ್ಟವಾಯಿತು.

ಹಾಗಾದರೆ ಮತ್ತೇನು? ಬರೀ ಭಾರವಾದ ಎಲೆಕ್ಟ್ರಾನೇ? ಹಾಗಿದ್ದರೆ ಹೆಚ್ಚುವರಿ ಶಕ್ತಿಯನ್ನು ಗಾಮಾ ಕಿರಣವಾಗಿ ಚೆಲ್ಲಿ ಹಗುರಾಗಬೇಕಿತ್ತು. ಕೆನಡಾದ ಚಾಕ್ ರಿವರ್‌ನಲ್ಲಿ ಹಿಂಕ್ಸ್ ಮತ್ತು ಬ್ರೂನೊ ಪಾಂಟೆಕೊರ್ವೊ ಆ ಗಾಮಾ ಕಿರಣವನ್ನು ಹುಡುಕಿದರು, ಸಿಗಲಿಲ್ಲ. ಅವರ ಉಪಕರಣ ಇಂದಿನ ಲೆಕ್ಕದಲ್ಲಿ ಒರಟು. ನೂರರಲ್ಲಿ ಹತ್ತಕ್ಕಿಂತ ಕಡಿಮೆ ಎಂದಷ್ಟೇ ಹೇಳಲು ಸಾಧ್ಯವಾಯಿತು. 1955ರಲ್ಲಿ ಸ್ಟೈನ್‌ಬರ್ಗರ್ ಮತ್ತು ವೋಲ್ಫ್ ತಾಮ್ರದಲ್ಲಿ ಮ್ಯೂಆನ್‌ಗಳನ್ನು ನಿಲ್ಲಿಸಿ, ಗಾಮಾ ಕಿರಣವೂ ಇಲ್ಲದೆ ನೇರ ಎಲೆಕ್ಟ್ರಾನ್ ಹೊರಬರುತ್ತದೆಯೇ ಎಂದು ನೋಡಿದರು. ಹತ್ತು ಸಾವಿರಕ್ಕೆ ಐದಕ್ಕಿಂತಲೂ ಕಡಿಮೆ.

ಸಿದ್ಧಾಂತಿಗಳಿಗೆ ಇದು ನುಂಗಲಾರದ ತುತ್ತಾಯಿತು. ಮ್ಯೂಆನ್‌ನಂಥ ಕಣಗಳನ್ನು ಕೊಳೆಯಿಸುವ ದುರ್ಬಲ ಬಲಕ್ಕೆ ಒಂದು ವಾಹಕ ಕಣ ಇರುವುದಾದರೆ ಮ್ಯೂಆನ್ ಹತ್ತು ಸಾವಿರಕ್ಕೊಮ್ಮೆಯಾದರೂ ಎಲೆಕ್ಟ್ರಾನ್ ಮತ್ತು ಗಾಮಾ ಕಿರಣವಾಗಿ ಒಡೆಯಬೇಕು ಎಂದು 1958ರಲ್ಲಿ ಗೆರಾಲ್ಡ್ ಫೈನ್‌ಬರ್ಗ್ ಲೆಕ್ಕ ಹಾಕಿ ತೋರಿಸಿದರು. ಪ್ರಯೋಗದಲ್ಲಿ ಅದು ಇಲ್ಲ. ತಪ್ಪಿಸಿಕೊಳ್ಳುವ ದಾರಿ ಒಂದೇ: ಮ್ಯೂಆನ್ ಜೊತೆಗಿರುವ ನ್ಯೂಟ್ರಿನೊ ಬೇರೆ, ಎಲೆಕ್ಟ್ರಾನ್ ಜೊತೆಗಿರುವ ನ್ಯೂಟ್ರಿನೊ ಬೇರೆ ಎಂದು ಒಪ್ಪುವುದು. 1962ರಲ್ಲಿ ಬ್ರೂಕ್‌ಹೇವನ್‌ನಲ್ಲಿ ಲೆಡರ್‌ಮನ್, ಶ್ವಾರ್ಟ್ಸ್ ಮತ್ತು ಅದೇ ಸ್ಟೈನ್‌ಬರ್ಗರ್ ಅದನ್ನು ಪ್ರಯೋಗದಿಂದ ಸಾಬೀತುಪಡಿಸಿದರು. 1988ರಲ್ಲಿ ನೊಬೆಲ್ ಬಂತು. ಏನೂ ಸಿಗಲಿಲ್ಲ ಎಂಬ ವರದಿಗಳೇ ಸೇರಿ ಪ್ರಕೃತಿಯಲ್ಲಿ ಹೊಸದೊಂದು ಕಣವಿದೆ ಎಂದು ಹೇಳಿಸಿದ ಕಥೆ ಇದು. ಹುಡುಕಿ ಬರಿಗೈಯಲ್ಲಿ ಬಂದವರನ್ನು ಕಂಡು ನಗುವವರಿಗೆ ನಾನು ಇದನ್ನೇ ಹೇಳುವುದು.

ಅಲ್ಲಿಂದ ಮುಂದೆ ಒಂದು ನಿಯಮ ಪಠ್ಯಪುಸ್ತಕ ಸೇರಿತು. ಎಲೆಕ್ಟ್ರಾನ್, ಮ್ಯೂಆನ್, ಮುಂದೆ ಸಿಕ್ಕ ಟೌ, ಇವುಗಳ ಜೊತೆಗಿನ ನ್ಯೂಟ್ರಿನೊಗಳು, ಎಲ್ಲ ಸೇರಿ ಲೆಪ್ಟಾನ್‌ಗಳು. ಮೂರು ಬಗೆ, ಅಂದರೆ ಮೂರು ಫ್ಲೇವರ್. ಪ್ರತಿ ಫ್ಲೇವರ್‌ನ ಲೆಕ್ಕ ಕ್ರಿಯೆಗೆ ಮೊದಲು ಎಷ್ಟಿತ್ತೋ ನಂತರವೂ ಅಷ್ಟೇ ಇರಬೇಕು. ಮ್ಯೂಆನ್ ಕೊಳೆತು ಎಲೆಕ್ಟ್ರಾನ್ ಆಗುವಾಗ ಒಂದು ಮ್ಯೂಆನ್ ನ್ಯೂಟ್ರಿನೊ, ಒಂದು ಎಲೆಕ್ಟ್ರಾನ್ ಪ್ರತಿನ್ಯೂಟ್ರಿನೊ ಹೊರಬರುವುದು ಈ ಲೆಕ್ಕ ಸರಿಹೋಗಲೆಂದೇ.

ಆದರೆ ಈ ನಿಯಮಕ್ಕೆ ಬುಡ ಗಟ್ಟಿಯಿಲ್ಲ. ವಿದ್ಯುದಂಶ ಉಳಿಯುವುದರ ಹಿಂದೆ ಒಂದು ಆಳವಾದ ಸಮಮಿತಿಯಿದೆ. ಅದನ್ನು ಕಿತ್ತರೆ ವಿದ್ಯುತ್ಕಾಂತ ಸಿದ್ಧಾಂತವೇ ಕುಸಿಯುತ್ತದೆ. ಫ್ಲೇವರ್ ಉಳಿಯುವುದರ ಹಿಂದೆ ಅಂಥದ್ದೇನೂ ಇಲ್ಲ. ಸ್ಟ್ಯಾಂಡರ್ಡ್ ಮಾಡೆಲ್ ಎಂಬ, ಮೂಲಕಣಗಳ ಒಪ್ಪಿತ ಸಿದ್ಧಾಂತದಲ್ಲಿ ನ್ಯೂಟ್ರಿನೊಗಳಿಗೆ ದ್ರವ್ಯರಾಶಿ ಇಲ್ಲವೆಂದು ಬರೆದುಕೊಂಡಿದ್ದರಿಂದ ಅದು ತಾನಾಗಿ ಉಳಿಯುತ್ತಿತ್ತು, ಅಷ್ಟೇ. 1998ರಲ್ಲಿ ಜಪಾನಿನ ಸೂಪರ್ ಕಮಿಯೊಕಾಂಡೆ, 2001–02ರಲ್ಲಿ ಕೆನಡಾದ ಸಡ್ಬರಿ ವೀಕ್ಷಣಾಲಯ ನ್ಯೂಟ್ರಿನೊಗಳು ದಾರಿಯಲ್ಲಿ ಫ್ಲೇವರ್ ಬದಲಿಸುತ್ತವೆ ಎಂದು ತೋರಿಸಿದವು. ನ್ಯೂಟ್ರಿನೊಗಳು ಹೀಗೆ ಮಾರ್ಪಡಬಹುದೆಂಬ ಕಲ್ಪನೆಯನ್ನು 1957ರಷ್ಟು ಹಿಂದೆಯೇ ಮುಂದಿಟ್ಟಿದ್ದವರು ಯಾರು ಗೊತ್ತೇ? ಚಾಕ್ ರಿವರ್‌ನಲ್ಲಿ ಬರಿಗೈಯಾಗಿದ್ದ ಪಾಂಟೆಕೊರ್ವೊ. ಅಷ್ಟರಲ್ಲಿ ಅವರು ಸೋವಿಯತ್ ಒಕ್ಕೂಟಕ್ಕೆ ಹೋಗಿ ನೆಲೆಸಿದ್ದರು.

ನಿಯಮ ಮುರಿದಿದೆ ಎಂದಾಯಿತು. ವಿದ್ಯುದಂಶವಿರುವ ಲೆಪ್ಟಾನ್‌ಗಳೂ ಅದನ್ನು ಮುರಿಯಬೇಕಲ್ಲವೇ? ಮುರಿಯುತ್ತವೆ, ಕಾಗದದ ಮೇಲೆ. ಮ್ಯೂಆನ್ ಕ್ಷಣಮಾತ್ರ ಡಬ್ಲ್ಯು ಬೋಸಾನ್ (ದುರ್ಬಲ ಬಲದ ವಾಹಕ ಕಣ) ಮತ್ತು ನ್ಯೂಟ್ರಿನೊ ಆಗಿ, ನ್ಯೂಟ್ರಿನೊ ಅಷ್ಟರೊಳಗೆ ಫ್ಲೇವರ್ ಬದಲಿಸಿ, ಮತ್ತೆ ಸೇರಿ ಎಲೆಕ್ಟ್ರಾನ್ ಆಗಬಹುದು. ತೊಂದರೆ ಎಂದರೆ, ನ್ಯೂಟ್ರಿನೊ ಫ್ಲೇವರ್ ಬದಲಿಸಲು ನೂರಾರು ಕಿಲೋಮೀಟರ್ ಬೇಕು. ಡಬ್ಲ್ಯು ಬೋಸಾನ್ ಕೊಡುವ ಅವಕಾಶ ಪ್ರೋಟಾನಿನ ಗಾತ್ರಕ್ಕಿಂತಲೂ ನೂರಾರು ಪಟ್ಟು ಚಿಕ್ಕದು. ಹಾಗಾಗಿ ಮ್ಯೂಆನ್ ಎಲೆಕ್ಟ್ರಾನ್ ಮತ್ತು ಗಾಮಾ ಆಗಿ ಒಡೆಯುವ ಸಂಭವ 10ರ ಮೈನಸ್ 54ನೇ ಘಾತದ ಆಸುಪಾಸಿಗೆ ಇಳಿಯುತ್ತದೆ. ನ್ಯೂಕ್ಲಿಯಸ್ಸಿನ ಬಳಿ ಆಗುವ ಪರಿವರ್ತನೆಯದೂ ಅದಕ್ಕಿಂತ ಹೆಚ್ಚಲ್ಲ. ಇಡೀ ಭೂಮಿಯಲ್ಲಿರುವ ಪರಮಾಣುಗಳ ಸಂಖ್ಯೆ ಸುಮಾರು 10ರ 50ನೇ ಘಾತ. ಒಂದೊಂದು ಪರಮಾಣುವೂ ಒಂದೊಂದು ಮ್ಯೂಆನ್ ಹಿಡಿದುಕೊಂಡು ಕೂತರೂ ಈ ದಾರಿಯಲ್ಲಿ ಒಂದೇ ಒಂದು ಪರಿವರ್ತನೆ ಕಾಣುವ ಭರವಸೆಯಿಲ್ಲ.

ಸಾಮಾನ್ಯವಾಗಿ ಇಂಥ ಸಂಖ್ಯೆ ಕೇಳಿದರೆ ನಿರಾಸೆಯಾಗಬೇಕು. ಇಲ್ಲಿ ಅದೇ ಆಕರ್ಷಣೆ. ತಿಳಿದಿರುವ ಭೌತವಿಜ್ಞಾನ ಇಲ್ಲಿ ಕೊಡುವ ಉತ್ತರ ಸೊನ್ನೆಯೇ ಎನ್ನಬಹುದು. ಆದ್ದರಿಂದ ಒಂದು ಪರಿವರ್ತನೆ ಕಂಡರೂ ಅದು ತಿಳಿಯದಿರುವುದರ ಕೆಲಸವೇ. ಸೂಕ್ಷ್ಮ ಲೆಕ್ಕಾಚಾರಗಳ ಬಗ್ಗೆ ಜಗಳವಾಡುವ ಅಗತ್ಯ ಬೀಳುವುದಿಲ್ಲ.

ಈಗ ಪ್ರಯೋಗದ ಒಳಗೆ ಹೋಗೋಣ. ಅಮೆರಿಕದ ಫರ್ಮಿಲ್ಯಾಬ್‌ನ ಮ್ಯೂ2ಇ ಪ್ರಯೋಗವನ್ನೇ ಹಿಡಿಯುತ್ತೇನೆ. ನಿಧಾನಗತಿಯ ಋಣ ಮ್ಯೂಆನ್ ತೆಳು ಅಲ್ಯೂಮಿನಿಯಂ ಹಾಳೆಯೊಳಗೆ ನಿಲ್ಲುತ್ತದೆ. ಎಲೆಕ್ಟ್ರಾನಿನ ಜಾಗದಲ್ಲಿ ತಾನು ಸೇರಿ, ಎಕ್ಸ್-ಕಿರಣಗಳನ್ನು ಚೆಲ್ಲುತ್ತ ಮೆಟ್ಟಿಲಿಳಿದು ಕೆಳಗಿನ ಕಕ್ಷೆ ತಲುಪುತ್ತದೆ. ಭಾರ 207 ಪಟ್ಟು ಇರುವುದರಿಂದ ಕಕ್ಷೆ ಅಷ್ಟೇ ಪಟ್ಟು ಕಿರಿದು: ಸುಮಾರು 20 ಫೆಮ್ಟೊಮೀಟರ್ (ಒಂದು ಫೆಮ್ಟೊಮೀಟರ್ ಎಂದರೆ ಮೀಟರಿನ 10ರ ಮೈನಸ್ 15ನೇ ಘಾತದಷ್ಟು). ಅಲ್ಯೂಮಿನಿಯಂ ನ್ಯೂಕ್ಲಿಯಸ್ಸಿನ ತ್ರಿಜ್ಯವೇ ಮೂರು ನಾಲ್ಕು ಫೆಮ್ಟೊಮೀಟರ್ ಇರುವಾಗ ಇದು ಮನೆ ಬಾಗಿಲಲ್ಲೇ ಕೂತಂತೆ ಸರಿ. ಅಲ್ಲಿಂದ ಮುಂದೆ ಎರಡು ಸಾಮಾನ್ಯ ಗತಿಗಳು. ನೂರಕ್ಕೆ 61 ಮ್ಯೂಆನ್‌ಗಳನ್ನು ನ್ಯೂಕ್ಲಿಯಸ್ ನುಂಗುತ್ತದೆ. 39 ಕಕ್ಷೆಯಲ್ಲಿದ್ದಂತೆಯೇ ಕೊಳೆಯುತ್ತವೆ. ಸರಾಸರಿ ಆಯುಸ್ಸು 864 ನ್ಯಾನೊಸೆಕೆಂಡ್. ನಾವು ಹುಡುಕುತ್ತಿರುವುದು ಮೂರನೆಯ ಗತಿ.

ಆ ಮೂರನೆಯದರ ಗುರುತು ಬಹಳ ಚೊಕ್ಕ. ಹೊರಬರುವುದು ಎಲೆಕ್ಟ್ರಾನ್ ಒಂದೇ. ನ್ಯೂಕ್ಲಿಯಸ್ ಒಡೆಯದೆ, ಉದ್ರೇಕಗೊಳ್ಳದೆ, ಇಡಿಯಾಗಿ ಸ್ವಲ್ಪ ಹಿಂದಕ್ಕೆ ಜಗ್ಗುತ್ತದೆ. ಒಂಟಿ ಮ್ಯೂಆನ್ ಶೂನ್ಯದಲ್ಲಿ ಒಂಟಿ ಎಲೆಕ್ಟ್ರಾನ್ ಆಗಲು ಶಕ್ತಿ ಮತ್ತು ಸಂವೇಗಗಳ ಸಂರಕ್ಷಣೆ ಬಿಡುವುದಿಲ್ಲವಾದ್ದರಿಂದ ಹಿಂದಕ್ಕೆ ಜಗ್ಗಲು ಯಾರಾದರೂ ಬೇಕೇಬೇಕು. ಹಂಚಿಕೊಳ್ಳಲು ಇಬ್ಬರೇ ಇರುವುದರಿಂದ ಎಲೆಕ್ಟ್ರಾನಿನ ಶಕ್ತಿ ಪ್ರತಿಸಲವೂ ಒಂದೇ. ಮ್ಯೂಆನಿನ ದ್ರವ್ಯರಾಶಿಯನ್ನು ಶಕ್ತಿಯ ಮಾನದಲ್ಲಿ ಹೇಳಿದರೆ 105.66 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಅದರಲ್ಲಿ ಕಕ್ಷೆಯ ಬಂಧನಶಕ್ತಿ ಅರ್ಧ ಮೆಗಾ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಸ್ವಲ್ಪ ಕಡಿಮೆ, ಹಿಂದಕ್ಕೆ ಜಗ್ಗುವ ನ್ಯೂಕ್ಲಿಯಸ್ಸಿನ ಪಾಲು ಸುಮಾರು 0.2, ಇವೆರಡನ್ನೂ ಕಳೆಯಿರಿ. ಉಳಿಯುವುದು 104.97. ಈ ಶಕ್ತಿಯ ಒಂದು ಎಲೆಕ್ಟ್ರಾನ್ ಸಿಕ್ಕಬೇಕು.

ಸ್ವತಂತ್ರ ಮ್ಯೂಆನ್ ಕೊಳೆತಾಗ ಬರುವ ಎಲೆಕ್ಟ್ರಾನಿನ ಗರಿಷ್ಠ ಶಕ್ತಿ ಇದರ ಅರ್ಧ, 52.8. ಹಾಗಿದ್ದರೆ ಕೆಲಸ ಸುಲಭ ಅನಿಸುತ್ತದೆ. ಆದರೆ ಕಕ್ಷೆಯಲ್ಲಿರುವ ಮ್ಯೂಆನ್ ಸ್ವತಂತ್ರವಲ್ಲ. ಅದು ಕೊಳೆಯುವಾಗ ಅಪರೂಪಕ್ಕೊಮ್ಮೆ ನ್ಯೂಟ್ರಿನೊಗಳೆರಡೂ ಶಕ್ತಿಯನ್ನೇ ಒಯ್ಯದೆ, ಎಲ್ಲವೂ ಎಲೆಕ್ಟ್ರಾನಿಗೇ ಸೇರಿ, ನ್ಯೂಕ್ಲಿಯಸ್ ಹಿಂದಕ್ಕೆ ಜಗ್ಗಿಬಿಡುತ್ತದೆ. ಆಗ ಹೊರಗಿನಿಂದ ನೋಡಿದವರಿಗೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಇದು ಮೊದಲನೆಯ ವೇಷಧಾರಿ. ಒಂದು ಸಮಾಧಾನವೆಂದರೆ, ಕೊನೆಯ ಮಿತಿ ಹತ್ತಿರವಾದಂತೆ ಇಂಥವುಗಳ ಸಂಖ್ಯೆ ಆ ಅಂತರದ ಐದನೇ ಘಾತದಂತೆ ಕುಸಿಯುತ್ತದೆ. ಅಂತರ ಅರ್ಧವಾದರೆ ಎಣಿಕೆ 32ರಲ್ಲಿ ಒಂದು ಪಾಲಿಗೆ. ಆದ್ದರಿಂದ ಶಕ್ತಿಯನ್ನು ನಿಖರವಾಗಿ ಅಳೆದಷ್ಟೂ ವೇಷ ಕಳಚುತ್ತದೆ.

ಅಳೆಯುವ ಉಪಕರಣ ನೋಡಿ. ತೆಳುವಾದ ಪ್ಲಾಸ್ಟಿಕ್ ನಳಿಗೆಗಳು, 20 ಸಾವಿರಕ್ಕೂ ಹೆಚ್ಚು. ಒಂದೊಂದರ ವ್ಯಾಸ 5 ಮಿಲಿಮೀಟರ್, ಗೋಡೆಯ ದಪ್ಪ 15 ಮೈಕ್ರೊಮೀಟರ್, ಒಳಗೆ ಅನಿಲ, ನಡುವೆ ಚಿನ್ನ ಲೇಪಿಸಿದ ಟಂಗ್‌ಸ್ಟನ್ ತಂತಿ. ಇಡೀ ಜೋಡಣೆ ನಿರ್ವಾತದಲ್ಲಿ, 1 ಟೆಸ್ಲಾ ಕಾಂತಕ್ಷೇತ್ರದ ನಡುವೆ. ಎಲೆಕ್ಟ್ರಾನ್ ಸುರುಳಿ ಸುರುಳಿಯಾಗಿ ಹಾದುಹೋಗುತ್ತದೆ. ಸುರುಳಿಯ ತ್ರಿಜ್ಯವೇ ಅದರ ಸಂವೇಗದ ಅಳತೆ.

ಈ ಜೋಡಣೆಯ ನಡುಭಾಗವನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ. 38 ಸೆಂಟಿಮೀಟರ್ ತ್ರಿಜ್ಯದ ತೂತು. 1 ಟೆಸ್ಲಾದಲ್ಲಿ 53 ಮೆಗಾ ಎಲೆಕ್ಟ್ರಾನ್‌ವೋಲ್ಟ್‌ನ ಎಲೆಕ್ಟ್ರಾನ್ ತಿರುಗುವ ವೃತ್ತದ ವ್ಯಾಸ ಸುಮಾರು 35 ಸೆಂಟಿಮೀಟರ್. ನಡುವಿನ ಅಕ್ಷದ ಬಳಿ ಹುಟ್ಟಿದ ಅಂಥ ಎಲೆಕ್ಟ್ರಾನ್ ಯಾವ ನಳಿಗೆಯನ್ನೂ ಮುಟ್ಟದೆ ತೂತಿನಲ್ಲೇ ಜಾರಿಹೋಗುತ್ತದೆ. 105ರದ್ದಾದರೆ ವ್ಯಾಸ 70, ನಳಿಗೆಗಳಿಗೆ ತಾಗಲೇಬೇಕು. ಸೆಕೆಂಡಿಗೆ ಸಾವಿರ ಕೋಟಿಯಷ್ಟು ಮ್ಯೂಆನ್ ನಿಲ್ಲುವ ಕಡೆ, ಬೇಡದ್ದನ್ನು ಎಣಿಸಿ ಬಿಸಾಡುವುದಕ್ಕಿಂತ ಕಾಣದಂತೆಯೇ ಕಳುಹಿಸಿಕೊಡುವುದು ಜಾಣತನ. ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಸೊಗಸೆನಿಸುವುದು ಈ ತೂತು.

ಎರಡನೆಯ ವೇಷಧಾರಿ ಪಯಾನ್. 8 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ನ ಪ್ರೋಟಾನ್‌ಗಳು ಟಂಗ್‌ಸ್ಟನ್‌ಗೆ ಬಡಿದಾಗ ಹುಟ್ಟುವುದು ಪಯಾನ್‌ಗಳು. ಅವು ಕೊಳೆತು ಮ್ಯೂಆನ್ ಆಗುತ್ತವೆ. ಕೊಳೆಯದೆ ಉಳಿದ ಪಯಾನ್ ಅಲ್ಯೂಮಿನಿಯಂ ತಲುಪಿದರೆ ನ್ಯೂಕ್ಲಿಯಸ್ ಅದನ್ನು ನುಂಗಿ ಭಾರೀ ಶಕ್ತಿಯ ಗಾಮಾ ಕಿರಣ ಉಗುಳಬಹುದು. ಆ ಗಾಮಾದಿಂದ ಸರಿಯಾಗಿ 105ರ ಎಲೆಕ್ಟ್ರಾನ್ ಹುಟ್ಟಬಹುದು. ಪರಿಹಾರ: ಕಾಯುವುದು. ಪ್ರೋಟಾನ್‌ಗಳನ್ನು 1,695 ನ್ಯಾನೊಸೆಕೆಂಡಿಗೊಂದರಂತೆ ಗುಂಪು ಗುಂಪಾಗಿ ಕಳುಹಿಸುತ್ತಾರೆ. ಪ್ರತಿ ಗುಂಪು ಬಡಿದ ಮೇಲೆ ಸುಮಾರು 700 ನ್ಯಾನೊಸೆಕೆಂಡ್ ಸುಮ್ಮನಿದ್ದು, ಕದಡಿದ ಕೊಳದ ನೀರು ತಿಳಿಯಾದ ಮೇಲೆ ತಳ ನೋಡುವವರಂತೆ, ಆಮೇಲೆ ಕಣ್ಣು ತೆರೆಯುತ್ತಾರೆ. ಪಯಾನಿನ ಆಯುಸ್ಸು 26 ನ್ಯಾನೊಸೆಕೆಂಡ್. 700 ಎಂದರೆ ಅದರ ಪಾಲಿಗೆ ಇಪ್ಪತ್ತಾರು ಜೀವಮಾನಕ್ಕೂ ಹೆಚ್ಚು. ಅಲ್ಯೂಮಿನಿಯಂನಲ್ಲಿ ನೆಲೆಸಿದ ಮ್ಯೂಆನ್‌ಗಳಲ್ಲಿ ಮಾತ್ರ ನೂರಕ್ಕೆ 40ಕ್ಕೂ ಹೆಚ್ಚು ಇನ್ನೂ ಬದುಕಿರುತ್ತವೆ. ಎರಡು ಗುಂಪುಗಳ ನಡುವೆ ದಾರಿತಪ್ಪಿ ಬರುವ ಪ್ರೋಟಾನ್ ಈ ಲೆಕ್ಕವನ್ನೆಲ್ಲ ಕೆಡಿಸುತ್ತದಾದ್ದರಿಂದ, ಸಾವಿರ ಕೋಟಿಗೆ ಒಂದಕ್ಕಿಂತ ಹೆಚ್ಚು ನುಸುಳಬಾರದು ಎಂಬ ಕಟ್ಟುನಿಟ್ಟು.

ಈ ಕಾಯುವ ತಂತ್ರ ಮತ್ತು ಮ್ಯೂಆನ್‌ಗಳನ್ನು ಹಿಡಿದು ತರುವ ಸೊಲೆನಾಯ್ಡ್ (ಸುರುಳಿ ತಂತಿಯ ವಿದ್ಯುತ್ಕಾಂತ) ವ್ಯವಸ್ಥೆಯ ಕಲ್ಪನೆ ಸೋವಿಯತ್ ಒಕ್ಕೂಟದ ಲೊಬಾಶೆವ್ ಮತ್ತು ಜಿಲ್ಕಿಬಾಯೆವ್ ಅವರದು, 1989ರದು. ಅಲ್ಲಿ ಅದು ಕಟ್ಟಡವಾಗಲಿಲ್ಲ. ಬ್ರೂಕ್‌ಹೇವನ್‌ನಲ್ಲಿ ಮೆಕೊ ಎಂಬ ಹೆಸರಿನಲ್ಲಿ ಯೋಜನೆಯಾಗಿ 2005ರಲ್ಲಿ ಹಣವಿಲ್ಲದೆ ರದ್ದಾಯಿತು. ಫರ್ಮಿಲ್ಯಾಬ್‌ನಲ್ಲಿ ಮ್ಯೂ2ಇ ಆಗಿ, ಜಪಾನಿನ ತೋಕಾಯ್‌ನಲ್ಲಿರುವ ಜೆ-ಪಾರ್ಕ್‌ನಲ್ಲಿ ಕಾಮೆಟ್ ಆಗಿ ಮತ್ತೆ ಹುಟ್ಟಿತು. ಕಾಮೆಟ್‌ನವರು 2023ರಲ್ಲಿ ತಮ್ಮ ಬಾಗಿದ ಸೊಲೆನಾಯ್ಡ್‌ನಲ್ಲಿ ಮೊದಲ ಬಾರಿಗೆ ಮ್ಯೂಆನ್‌ಗಳನ್ನು ಹರಿಸಿ ನೋಡಿದರು.

ಮೂರನೆಯ ವೇಷಧಾರಿ ಆಕಾಶದಿಂದ ಬರುತ್ತದೆ. ವಿಶ್ವಕಿರಣದ ಮ್ಯೂಆನ್‌ಗಳು ನಮ್ಮೆಲ್ಲರ ಮೇಲೂ ಸುರಿಯುತ್ತಿವೆ, ಅಂಗೈ ಚಾಚಿದರೆ ಸೆಕೆಂಡಿಗೊಂದರಂತೆ. ಅವು ಉಪಕರಣದೊಳಗೆ ಯಾವುದಾದರೂ ವಸ್ತುವಿನಿಂದ ಎಲೆಕ್ಟ್ರಾನ್ ಹೊಡೆದು ಹಾರಿಸಿದರೆ ದಿನಕ್ಕೆ ಸುಮಾರು ಒಂದು ಸುಳ್ಳು ಸಂಕೇತ ಬರಬಹುದು. ವರ್ಷಗಟ್ಟಲೆ ಕಾದು ಬೆರಳೆಣಿಕೆಯಷ್ಟು ಸಂಕೇತಗಳನ್ನು ನಿರೀಕ್ಷಿಸುವವರಿಗೆ ದಿನಕ್ಕೊಂದು ಸುಳ್ಳು ಎಂದರೆ ಪ್ರಯೋಗವೇ ಮುಗಿದಂತೆ. ಅದಕ್ಕೆ ಸುತ್ತ ನಾಲ್ಕು ಪದರದ ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು) ಕವಚ. ಹತ್ತು ಸಾವಿರ ಮ್ಯೂಆನ್ ಹಾದುಹೋದರೆ ಒಂದನ್ನು ಮಾತ್ರ ಅದು ತಪ್ಪಿಸಿಕೊಳ್ಳಲು ಬಿಡಬಹುದು.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: ‘ಇದನ್ನು ನಮ್ಮ ಕೋಲಾರದ ಗಣಿಯಂಥ ಜಾಗದಲ್ಲಿ ಇಟ್ಟರೆ ವಿಶ್ವಕಿರಣದ ಕಾಟ ತಪ್ಪುವುದಿಲ್ಲವೇ ಸರ್?’ ಒಳ್ಳೆಯ ಪ್ರಶ್ನೆ. ಕೋಲಾರದ ಚಿನ್ನದ ಗಣಿಯಲ್ಲಿ ಆಳಕ್ಕಿಳಿದಂತೆ ಮ್ಯೂಆನ್ ಎಷ್ಟು ಕಡಿಮೆಯಾಗುತ್ತದೆ ಎಂದು 1950ರ ದಶಕದಿಂದಲೇ ಅಳೆದವರಲ್ಲಿ ಮೊದಲಿಗರು ನಮ್ಮ ಬಿ.ವಿ. ಶ್ರೀಕಂಠನ್. ತೀರಾ ಆಳದಲ್ಲಿ ವಾರಗಟ್ಟಲೆ ಕಾದರೂ ಮ್ಯೂಆನ್ ಕಾಣದಷ್ಟು ನಿಶ್ಶಬ್ದವಿದ್ದುದರಿಂದಲೇ 1965ರಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದ ನ್ಯೂಟ್ರಿನೊ ಅಲ್ಲಿ ಪತ್ತೆಯಾಯಿತು. ಆದರೆ ಮ್ಯೂ2ಇಗೆ ಬೇಕಾದ್ದು ತಾನೇ ತಯಾರಿಸಿದ ಮ್ಯೂಆನ್‌ಗಳ ಪ್ರವಾಹ. ಅದಕ್ಕೆ ವೇಗವರ್ಧಕ ಬೇಕು, ಅದನ್ನು ಗಣಿಗೆ ಇಳಿಸಲಾಗದು. ಹಾಗಾಗಿ ಆಳದ ಬದಲು ಕವಚ.

ಇಷ್ಟೆಲ್ಲ ಮಾಡಿದ ಮೇಲೆ, ಇಡೀ ಪ್ರಯೋಗದ ಅವಧಿಯಲ್ಲಿ ಎಲ್ಲ ವೇಷಧಾರಿಗಳೂ ಸೇರಿ ಅರ್ಧ ಸಂಕೇತಕ್ಕಿಂತ ಕಡಿಮೆ ಇರಬೇಕು ಎಂಬುದು ವಿನ್ಯಾಸದ ಗುರಿ. ಆಗ ಏಳೆಂಟು ಎಲೆಕ್ಟ್ರಾನ್ ಸಿಕ್ಕರೂ ಸಾಕು, ಜಗತ್ತಿಗೆ ಹೇಳಬಹುದು. ಈಗಿರುವ ಮಿತಿ ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯ ಸಿಂಡ್ರಮ್-2 ಪ್ರಯೋಗದ್ದು, 2006ರಲ್ಲಿ ಪ್ರಕಟವಾದದ್ದು: ಚಿನ್ನದಲ್ಲಿ ಸೆರೆಯಾದ ಹತ್ತು ಲಕ್ಷ ಕೋಟಿ ಮ್ಯೂಆನ್‌ಗಳಲ್ಲಿ ಹೆಚ್ಚೆಂದರೆ ಏಳು. ಮ್ಯೂ2ಇ ಮತ್ತು ಕಾಮೆಟ್ ಅಂತಿಮವಾಗಿ ಇದನ್ನು ಸುಮಾರು ಹತ್ತು ಸಾವಿರ ಪಟ್ಟು ಕೆಳಗಿಳಿಸಲು ಹೊರಟಿವೆ. ಸೆರೆಯಾದ ಮ್ಯೂಆನ್‌ಗಳನ್ನು ಎಣಿಸುವುದು ಹೇಗೆ ಎಂದು ಕೇಳಿದವರಿಗೆ: ಕಕ್ಷೆ ಇಳಿಯುವಾಗ ಬರುವ ಎಕ್ಸ್-ಕಿರಣಗಳನ್ನು, ಅಲ್ಯೂಮಿನಿಯಂನಲ್ಲಿ 347 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನವನ್ನು, ಮೂವತ್ತು ಮೀಟರಿಗೂ ದೂರದಲ್ಲಿ ಜರ್ಮೇನಿಯಂ ಶೋಧಕವಿಟ್ಟು ಎಣಿಸುತ್ತಾರೆ. ಹತ್ತಿರವಿಟ್ಟರೆ ಶೋಧಕಕ್ಕೆ ಕಣ್ಣು ಕುಕ್ಕುತ್ತದೆ.

ಪಾಲ್ ಶೆರರ್ ಸಂಸ್ಥೆಯಲ್ಲೇ ಮೆಗ್-2 ಎಂಬ ಪ್ರಯೋಗ ಪಾಂಟೆಕೊರ್ವೊ ಹುಡುಕಿದ ಅದೇ ಗಾಮಾ ದಾರಿಯನ್ನು ಇನ್ನೂ ಹುಡುಕುತ್ತಿದೆ. ಹಾಗಾದರೆ ಎರಡೆರಡು ಏಕೆ? ಗಾಮಾ ದಾರಿಯಲ್ಲಿ ಎರಡು ಕಣಗಳು ಒಟ್ಟಿಗೆ ಹುಟ್ಟಿದವು ಎಂದು ತೋರಿಸಬೇಕು. ಮ್ಯೂಆನ್ ಹೆಚ್ಚಿಸಿದಂತೆ, ಬೇರೆ ಬೇರೆ ಮ್ಯೂಆನ್‌ಗಳಿಂದ ಬಂದು ಆಕಸ್ಮಿಕವಾಗಿ ಕೂಡಿಕೊಂಡ ಜೋಡಿಗಳು ವರ್ಗದ ಲೆಕ್ಕದಲ್ಲಿ ಹೆಚ್ಚುತ್ತವೆ. ಪರಿವರ್ತನೆಯಲ್ಲಿ ಒಂದೇ ಎಲೆಕ್ಟ್ರಾನ್, ಜೋಡಿಯ ತಾಪತ್ರಯವಿಲ್ಲ. ಹೆಚ್ಚು ಮ್ಯೂಆನ್ ಕೊಟ್ಟಷ್ಟೂ ಮುಂದೆ ಹೋಗಬಹುದು. ದೂರದ ಲೆಕ್ಕದಲ್ಲಿ ಪರಿವರ್ತನೆಯೇ ಮೇಲು ಎಂದು ನಾನು ಎಣಿಸುವುದು ಇದಕ್ಕೆ. ಆದರೆ ಎರಡೂ ಬೇಕು. ಹೊಸ ಭೌತವಿಜ್ಞಾನ ಫೋಟಾನಿನ ಮೂಲಕವೇ ಕೆಲಸ ಮಾಡುವುದಾದರೆ ಅಲ್ಯೂಮಿನಿಯಂನಲ್ಲಿ ಪರಿವರ್ತನೆ ಗಾಮಾ ದಾರಿಯ ಸುಮಾರು 400ರಲ್ಲಿ ಒಂದು ಪಾಲು ಇರುತ್ತದೆ. ಪ್ರೋಟಾನ್, ನ್ಯೂಟ್ರಾನ್‌ಗಳೊಳಗಿನ ಕ್ವಾರ್ಕ್‌ಗಳ ಜೊತೆ ನೇರ ವ್ಯವಹಾರವಿರುವ ಲೆಪ್ಟೊಕ್ವಾರ್ಕ್ ಎಂಬ ಊಹಾ ಕಣದಂಥದ್ದಾದರೆ ಗಾಮಾ ದಾರಿಯಲ್ಲಿ ಏನೂ ಕಾಣದೆ ಪರಿವರ್ತನೆ ಮಾತ್ರ ಕಾಣಬಹುದು. ಅಂಥ ನೇರ ವ್ಯವಹಾರ ಗಟ್ಟಿಯಾಗಿದ್ದರೆ ಸುಮಾರು ಹತ್ತು ಸಾವಿರ ಟೆರಾ ಎಲೆಕ್ಟ್ರಾನ್‌ವೋಲ್ಟ್ ತೂಕದ ಕಣಗಳ ನೆರಳೂ ಇಲ್ಲಿ ಬೀಳುತ್ತದೆ. ಜಿನೀವಾದ ದೊಡ್ಡ ಘರ್ಷಕದ ಒಟ್ಟು ಶಕ್ತಿ 13.6.

ಕೊನೆಗೆ ಹಿರಿಯರೊಬ್ಬರು ಕೇಳಿದರು: ‘ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ಆಮೇಲೆ?’

ಆಮೇಲೆ ಲೋಹ ಬದಲಿಸಬೇಕು. ಪರಿವರ್ತನೆಯ ಪ್ರಮಾಣ ನ್ಯೂಕ್ಲಿಯಸ್ಸಿನಿಂದ ನ್ಯೂಕ್ಲಿಯಸ್ಸಿಗೆ ಹೇಗೆ ಬದಲಾಗುತ್ತದೆ ಎಂಬುದರಲ್ಲಿ ಅದರ ಹಿಂದಿರುವ ಬಲದ ಗುರುತು ಇರುತ್ತದೆ. ಹಗುರ ನ್ಯೂಕ್ಲಿಯಸ್‌ಗಳಲ್ಲಿ ಎಲ್ಲ ಸಿದ್ಧಾಂತಗಳೂ ಹೆಚ್ಚುಕಡಿಮೆ ಒಂದೇ ಹೇಳುತ್ತವೆ. ಚಿನ್ನದಂಥ ಭಾರದವುಗಳಲ್ಲಿ ಬೇರೆ ಬೇರೆಯಾಗುತ್ತವೆ. ಆದರೆ ಚಿನ್ನದಲ್ಲಿ ಮ್ಯೂಆನಿನ ಆಯುಸ್ಸು 73 ನ್ಯಾನೊಸೆಕೆಂಡ್ ಮಾತ್ರ. 700 ನ್ಯಾನೊಸೆಕೆಂಡ್ ಕಾದರೆ ಹತ್ತು ಸಾವಿರಕ್ಕೆ ಒಂದೂ ಉಳಿದಿರುವುದಿಲ್ಲ. ಕಾಯುವ ತಂತ್ರ ಅಲ್ಲಿ ನಡೆಯದು. ಆದ್ದರಿಂದ ಈಗಾಗಲೇ ಇನ್ನೊಂದು ಯೋಜನೆಯ ಚರ್ಚೆ ನಡೆದಿದೆ: ಮ್ಯೂಆನ್‌ಗಳನ್ನು ಅಲ್ಯೂಮಿನಿಯಂಗೋ ಚಿನ್ನಕ್ಕೋ ಒಯ್ಯುವ ಮೊದಲೇ ಒಂದು ಉಂಗುರದಲ್ಲಿ ಕೆಲವು ಸುತ್ತು ಓಡಿಸುವುದು. ಓಡುವ ದಾರಿಯಲ್ಲೇ ಪಯಾನ್‌ಗಳೆಲ್ಲ ಸಾಯುತ್ತವೆ, ಹೊರಗೆ ಬರುವಾಗ ಮ್ಯೂಆನ್ ಮಾತ್ರ ಇರುತ್ತದೆ. ಆಗ ಚಿನ್ನವನ್ನೂ ಇಡಬಹುದು, ಕಾಯುವ ಅಗತ್ಯವಿರುವುದಿಲ್ಲ. ಅಲ್ಲಿ ಹುಡುಕಬೇಕಾದ ಎಲೆಕ್ಟ್ರಾನಿನ ಶಕ್ತಿ ಬೇರೆ, 95.6. ಚಿನ್ನದ ನ್ಯೂಕ್ಲಿಯಸ್ ಮ್ಯೂಆನನ್ನು ಅಷ್ಟು ಬಿಗಿಯಾಗಿ ಹಿಡಿದಿರುತ್ತದೆ.